ಮೊಳೆ ಹೊಡೆಯಲು ಒಂದು ಗೋಡೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದವರು ಯಾರೋ, ಅವರಂತೂ ಸರಕಾರದ ಲಾಟರಿ ಮನೆಗೆ ಅರ್ಜಿ ಹಾಕಿದವರಲ್ಲ. ಹಾಕಿದ್ದರೆ ಗಾದೆ ಪೂರ್ತಿ ಹೇಳುವ ಮೊದಲೇ ಕಿಟಕಿಯ ಆಚೆಯವನು ಇನ್ನೊಂದು ಝೆರಾಕ್ಸ್ ಕೇಳಿ ವಾಪಸ್ ಕಳಿಸುತ್ತಿದ್ದ. ನಾವು ನಾಲ್ಕು ಸಲ ಹಾಕಿದ್ದೇವೆ. ಒಂದು ಸಲವಾದರೂ ಏನೂ ಎಡವಟ್ಟಾಗದೆ ಸಲೀಸಾಗಿ ಮುಗಿಯಿತಾ ಎಂದರೆ, ಇಲ್ಲ.

ನಾವೆಂದರೆ ನಾನು, ನನ್ನ ಗಂಡ, ಕಾಲೇಜಿಗೆ ಹೋಗುವ ಮಗಳು ಮತ್ತು ಅತ್ತೆ. ಗಂಡ, ಅಂದರೆ ಇವರು, ಘಣಸೋಲಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರು, ನಾನು ಡೊಂಬಿವಿಲಿಯ ಒಂದು ಶಾಲೆಯ ಆಫೀಸಿನಲ್ಲಿ ಕ್ಲರ್ಕು. ಮದುವೆಯಾಗಿ ಈ ಮಹಾರಾಷ್ಟ್ರಕ್ಕೆ ಬಂದ ಹತ್ತೊಂಬತ್ತು ವರ್ಷದಲ್ಲಿ ಡೊಂಬಿವಿಲಿ, ಠಾಕುರ್ಲಿ, ಕಲ್ಯಾಣ ಎಂದು ಎಂಟು ಬಾಡಿಗೆ ಮನೆ ಬದಲಿಸಿದ್ದೇವೆ. ಹನ್ನೊಂದು ತಿಂಗಳಿಗೊಂದು ಅಗ್ರಿಮೆಂಟು, ಎಂಟೂ ಓನರುಗಳದ್ದು ಮೊದಲನೆಯ ಷರತ್ತು ಒಂದೇ: ಗೋಡೆಗೆ ಮೊಳೆ ಹೊಡೆಯಬಾರದು.

ಈ ಷರತ್ತು ತಾಗಿದ್ದು ಅತ್ತೆಗೆ. ಅವರ ಹತ್ತಿರ ಊರಿನ ಕುಟುಂಬದ ಮನೆಯ ಒಂದು ದೊಡ್ಡ ಫೋಟೋ ಇದೆ, ಫ್ರೇಮು ಹಾಕಿಸಿದ್ದು. ಎಂಟು ಮನೆ ಸುತ್ತಿದರೂ ಅದು ಗೋಡೆಯ ಮುಖ ನೋಡಿಲ್ಲ. ಫ್ರಿಜ್ಜಿನ ಮೇಲೆ ಒರಗಿಕೊಂಡೇ ಇರುತ್ತದೆ, ಬಾಗಿಲು ಜೋರಾಗಿ ಹಾಕಿದರೆ ಬೀಳುತ್ತದೆ. ಬಿದ್ದಾಗಲೆಲ್ಲ ಅತ್ತೆ, "ಒಂದು ಮೊಳೆ ಹೊಡಿಲಿಕ್ಕೆ ಜಾಗ ಇಲ್ಲದ ಬಾಳು" ಎನ್ನುತ್ತಾರೆ. ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ. ಯಾಕೆಂದರೆ ಅವರು ಹೇಳುವುದು ನಿಜ.

ಒಂದು: ಧಣಿಗಳ ಮರ್ಯಾದೆ

ಕಡಿಮೆ ಸಂಬಳದವರಿಗೆಂದು ಕಟ್ಟಿದ ಮನೆಗಳಿಗೆ ಅರ್ಜಿ ಕರೆದು ಚೀಟಿ ಎತ್ತುತ್ತಾರೆ. ಹಾಗಾಗಿ ಮೊದಲು ಬೇಕಾದದ್ದು ಸಂಬಳದ ಪತ್ರ. ಇವರ ಹೋಟೆಲಿನ ಧಣಿಗಳು ನಮ್ಮ ಉಡುಪಿ ಕಡೆಯವರೇ. "ಬರೆದು ಕೊಡುವ, ಅದಕ್ಕೆಂತ!" ಎಂದು ದೇವರ ಚಿತ್ರವಿದ್ದ ಲೆಟರ್‌ಹೆಡ್ಡಿನಲ್ಲಿ ಆಗಿಂದಾಗಲೇ ಬರೆದು ಸಹಿ ಹಾಕಿ ಕೊಟ್ಟರು. ಧಣಿಗಳು ಕೊಟ್ಟ ಕಾಗದವನ್ನು ಅವರ ಎದುರಿಗೇ ಬಿಡಿಸಿ ಓದುವುದು ಅಗೌರವ ಎಂದು ಇವರು ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದರು. ಮನೆಗೆ ಬಂದ ಮೇಲೂ ಓದಲಿಲ್ಲ. ನಾನೂ ಓದಲಿಲ್ಲ, ನನ್ನ ಬುದ್ಧಿಗಿಷ್ಟು.

ಕಿಟಕಿಯ ಆಚೆಯವನು ಓದಿದ. ಓದಿ ಎದ್ದು ನಿಂತ. "ಸರ್, ನೀವು ಈ ಲೈನಿನಲ್ಲಿ ಯಾಕೆ ನಿಂತಿದ್ದೀರಿ? ನಿಮ್ಮ ಸಂಬಳಕ್ಕೆ ಸ್ವಿಮಿಂಗ್ ಪೂಲ್ ಇರುವ ಟವರ್ ಇದೆ, ಅಲ್ಲಿ ಹೋಗಿ" ಎಂದ. ಧಣಿಗಳು ಸಂಬಳವನ್ನು ಎರಡು ಪಟ್ಟು ಮಾಡಿ ಬರೆದಿದ್ದರು!

ಇವರು ಓಡಿಹೋಗಿ ಕೇಳಿದರೆ ಧಣಿಗಳಿಗೇ ಬೇಸರ. "ನನ್ನ ಹೋಟೆಲಿನ ಮ್ಯಾನೇಜರಿಗೆ ಇಷ್ಟೇ ಸಂಬಳ ಅಂತ ಸರಕಾರಕ್ಕೆ ಗೊತ್ತಾದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು ಮಾರಾಯ?"

ಅಷ್ಟೊತ್ತಿಗೆ ಕಿಟಕಿ ಮುಚ್ಚಿ, ಆ ವರ್ಷದ ಅರ್ಜಿಯ ಕೊನೆಯ ದಿನವೂ ಮುಗಿದಿತ್ತು. ನಾನು ಇವರಿಗೆ ಹೇಳಿಕೊಟ್ಟು ಕಳಿಸಿದೆ: "ಹಾಗಾದ್ರೆ ಅಷ್ಟು ಸಂಬಳವನ್ನೇ ಕೊಡಿ, ನಿಮ್ಮ ಮರ್ಯಾದೆಯೂ ಉಳಿತದೆ ಅಂತ ಹೇಳಿ." ಇವರು ಧೈರ್ಯ ಮಾಡಿ ಹೇಳಿಯೂ ಬಿಟ್ಟರು. ಧಣಿಗಳು ಹೊಟ್ಟೆ ತುಂಬ ನಕ್ಕು, "ಯಾರಲ್ಲಿ, ಮ್ಯಾನೇಜರಿಗೊಂದು ಸ್ಪೆಷಲ್ ಕಾಫಿ" ಎಂದರಂತೆ. ಆ ವರ್ಷದ ಇನ್‌ಕ್ರಿಮೆಂಟು ಅದೇ.

ಎರಡು: ರಾಹುಕಾಲ ಕಳೆದ ಮೇಲೆ

ಎರಡನೆಯ ವರ್ಷದಿಂದ ಅರ್ಜಿ ಕಂಪ್ಯೂಟರಿನಲ್ಲಿ. ನಮ್ಮ ಅಭ್ಯಾಸದಂತೆ ಕೊನೆಯ ದಿನ ಕೂತೆವು. ಶುಕ್ರವಾರ. ಮಗಳು ಹತ್ತೂವರೆಗೆ ಲ್ಯಾಪ್‌ಟಾಪ್ ತೆರೆದಳು, ಅತ್ತೆ ಮುಚ್ಚಿಸಿದರು.

"ಹನ್ನೆರಡರ ತನಕ ರಾಹುಕಾಲ ಉಂಟು. ಮನೆ ಕೆಲಸ ಯಾರಾದ್ರೂ ರಾಹುಕಾಲದಲ್ಲಿ ಶುರು ಮಾಡ್ತಾರಾ?"

ಕಾದೆವು. ಸರಿಯಾಗಿ ಹನ್ನೆರಡಕ್ಕೆ ತೆರೆದರೆ ಸೈಟು ತಿರುಗುತ್ತಲೇ ಇದೆ, ತೆರೆಯುತ್ತಲೇ ಇಲ್ಲ. ಮಗಳಿಗೆ ಕನ್ನಡ, ತುಳು ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಅಜ್ಜಿ, ಪೂರಾ ಮಹಾರಾಷ್ಟ್ರ ರಾಹುಕಾಲ್ ಖತಮ್ ಹೋನೇ ಕೀ ರಾಹ್ ದೇಖ್ ರಹಾ ಥಾ" ಎಂದಳು. ಇಡೀ ಮಹಾರಾಷ್ಟ್ರವೇ ರಾಹುಕಾಲ ಮುಗಿಯಲಿ ಎಂದು ಕಾದಿತ್ತಂತೆ.

ಒಂದೂಕಾಲಿಗೆ ತೆರೆಯಿತು. ಎಲ್ಲ ತುಂಬಿಸಿ ಆಯಿತು, ಒ.ಟಿ.ಪಿ. ಮಾತ್ರ ಬಾಕಿ. ಅದು ಹೋಗುವುದು ಇವರ ಫೋನಿಗೆ. ಇವರು ಹೋಟೆಲಿನ ಗಲ್ಲಾದಲ್ಲಿ, ಊಟದ ಗಡಿಬಿಡಿಯ ಮಧ್ಯೆ. ಗಲಾಟೆಯಲ್ಲಿ ನಮಗೆ ಕೇಳಲಿ ಎಂದು ಇವರು ದೊಡ್ಡ ಸ್ವರದಲ್ಲಿ ಓದಿದರು: "ಐದು! ಎರಡು! ಒಂಬತ್ತು!"

ಇವರ ಹೋಟೆಲಿನಲ್ಲಿ ಗಲ್ಲಾದಿಂದ ಒಂದು ನಂಬರು ಕೂಗಿದರೆ ಆ ಟೇಬಲಿಗೆ ಬಿಲ್ಲು ಇಡು ಎಂದರ್ಥ. ವೇಟರು ಚುರುಕಿನವನು, ಮೂರೂ ಟೇಬಲಿಗೆ ಬಿಲ್ಲು ಇಟ್ಟುಬಂದ. ಒಂಬತ್ತನೆಯ ಟೇಬಲಿನವರು ಆಗಷ್ಟೇ ಸಾರಿಗೆ ಕೈಹಾಕಿದ್ದರು. "ಏನು, ಎದ್ದು ಹೋಗಿ ಅಂತಲಾ?" ಎಂದು ಶುರುವಾಯಿತು ಜಗಳ. ಇವರು ಫೋನು ಬಿಟ್ಟು ಸಮಾಧಾನ ಮಾಡಲು ಓಡಿದರು. ಉಳಿದ ಮೂರು ಅಂಕೆ ನಮಗೆ ಸಿಗುವಷ್ಟರಲ್ಲಿ ಒ.ಟಿ.ಪಿ.ಯ ಆಯುಸ್ಸು ಮುಗಿದಿತ್ತು, ಆಮೇಲೆ ಸೈಟಿನದ್ದೂ. ನಮ್ಮ ಅರ್ಜಿ ಹೋಗಲಿಲ್ಲ, ಒಂಬತ್ತನೆಯ ಟೇಬಲಿನವರು ಮಾತ್ರ ಹೋದರು.

ಮೂರು: ಇಲ್ಲದ ಬಿಲ್ಡಿಂಗಿನ ಸೆಕ್ರೆಟರಿ

ಮೂರನೆಯ ಸಲ, ನಾವು ಹದಿನೈದು ವರ್ಷದಿಂದ ಇಲ್ಲೇ ಇದ್ದೇವೆ ಎಂಬುದಕ್ಕೆ ಪುರಾವೆ ಕೇಳಿದರು. ಎಲ್ಲ ಅಗ್ರಿಮೆಂಟುಗಳನ್ನು ಕೊಟ್ಟೆ. ಡೊಂಬಿವಿಲಿಯ ಒಂದು ಮನೆಯ ಅಗ್ರಿಮೆಂಟು ಮಾತ್ರ ಮಳೆಗಾಲದಲ್ಲಿ ನೆನೆದು ಮುದ್ದೆಯಾಗಿತ್ತು.

"ಆ ಬಿಲ್ಡಿಂಗಿನ ಸೆಕ್ರೆಟರಿಯ ಪತ್ರ ತನ್ನಿ" ಎಂದ ಕ್ಲರ್ಕು.

"ಆ ಬಿಲ್ಡಿಂಗನ್ನು ಕೆಡವಿ ಆಯ್ತಲ್ಲ ಸಾಹೇಬ್."

"ಬಿಲ್ಡಿಂಗ್ ಯಾರು ಕೇಳಿದರು ತಾಯಿ? ಪತ್ರ ಕೇಳಿದ್ದು."

ಸಿಟ್ಟು ಮಾಡುವ ಹಾಗೂ ಇಲ್ಲ. ಶಾಲೆಯಲ್ಲಿ ನಾನೂ ದಿನಕ್ಕೆ ಹತ್ತು ಜನ ಅಪ್ಪಂದಿರಿಗೆ, "ನೀವು ಬರುವುದು ಬೇಡ, ನಿಮ್ಮ ಆಧಾರ್ ಬರಲಿ" ಎನ್ನುವವಳೇ. ಮಾಡಿದ್ದುಣ್ಣೋ ಮಹಾರಾಯ ಎಂದು ಆ ಸೆಕ್ರೆಟರಿಯನ್ನು ಹುಡುಕಲು ಹೊರಟೆ. ಮೂರು ಭಾನುವಾರ ಅಲೆದ ಮೇಲೆ ಕಲ್ಯಾಣದಲ್ಲಿ ಮಗನ ಮನೆಯಲ್ಲಿ ಸಿಕ್ಕಿದರು. ಬಿಲ್ಡಿಂಗು ಹೋದರೂ ಅದರ ಶಿಕ್ಕಾವನ್ನು, ಎಂದರೆ ಮೊಹರನ್ನು, ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದರು ಪುಣ್ಯಾತ್ಮ. ಮಾರು ಉದ್ದದ ಪತ್ರ ಬರೆದು, ನಾಲ್ಕು ಕಡೆ ಶಿಕ್ಕಾ ಒತ್ತಿ ಕೊಟ್ಟರು.

ಕ್ಲರ್ಕು ಅದನ್ನು ಗಟ್ಟಿಯಾಗಿ ಓದಿದ. "ಇವರು ನಮ್ಮ ಮೂರನೇ ಮಾಳಿಗೆಯಲ್ಲಿ ವಾಸವಾಗಿದ್ದರು. ನಡತೆ ಒಳ್ಳೆಯದು. ಆದರೆ ದಿನಾ ಬೆಳಿಗ್ಗೆ ಐದಕ್ಕೆ ಗ್ರೈಂಡರ್ ಹಾಕುತ್ತಿದ್ದರು. ಮೂರು ಸಲ ಲಿಖಿತ ತಾಕೀತು ಕೊಟ್ಟರೂ ನಿಲ್ಲಿಸಲಿಲ್ಲ." ಆಫೀಸಿಗೆ ಆಫೀಸೇ ನನ್ನ ಕಡೆ ತಿರುಗಿತು. ಭೂಮಿ ಬಾಯಿಬಿಡಬಾರದೇ ಅನಿಸಿತು.

"ಬರೋಬರ್ ಆಹೆ" ಎಂದು ಅವನು ತಲೆದೂಗಿದ. "ಇವರು ಅಲ್ಲಿ ಇದ್ದದ್ದು ಖರೆ. ದುಡ್ಡು ಕೊಟ್ಟು ಬರೆಸಿದ ಪತ್ರದಲ್ಲಿ ಇದೆಲ್ಲ ಬರುವುದಿಲ್ಲ." ಪಾಸಾಯಿತು! ನಾನು ಕಾಗದ ಜೋಡಿಸಿಕೊಂಡು ಏಳುವಾಗ ಸ್ವರ ತಗ್ಗಿಸಿ ಕೇಳಿದ, "ವಹಿನಿ, ಇಡ್ಲೀಚಂ ಪೀಠ ವಿಕ್ತಾ ಕಾ?" ಇಡ್ಲಿ ಹಿಟ್ಟು ಮಾರ್ತೀರಾ ಅಂತ!

ಆ ವರ್ಷ ಚೀಟಿಯಲ್ಲಿ ನಮ್ಮ ಹೆಸರು ಬರಲಿಲ್ಲ. ಇಡ್ಲಿ ಹಿಟ್ಟಿನ ಆರ್ಡರು ಮಾತ್ರ ಈಗಲೂ ಬರುತ್ತದೆ.

ನಾಲ್ಕು: ಮನೆ ಮಠ ಇಲ್ಲದವರು

ನಾಲ್ಕನೆಯ ಸಲ ಚೀಟಿ ಬಂತು. ಘಣಸೋಲಿಯಿಂದ ಸ್ವಲ್ಪ ಆಚೆ, ಏಳನೇ ಮಾಳಿಗೆ, ಒಂದು ಹಾಲು, ಒಂದು ರೂಮು. ನಾನು ಶಾಲೆಯ ಆಫೀಸಿನಲ್ಲೇ ಅತ್ತುಬಿಟ್ಟೆ. ಅದೇ ವಾರ ನಮ್ಮ ಠಾಕುರ್ಲಿಯ ಓನರು ಮಗನ ಮದುವೆ ಎಂದು ಮನೆ ಖಾಲಿ ಮಾಡಲು ಹೇಳಿದ್ದರು. ಎರಡು ತಿಂಗಳ ಗಡುವು. ಈ ಮನೆ ಕೈತಪ್ಪಿದರೆ ಒಂಬತ್ತನೆಯ ಬಾಡಿಗೆ ಮನೆ ಹುಡುಕಬೇಕು, ಮತ್ತೆ ಫ್ರಿಜ್ಜು, ಮತ್ತೆ ಫೋಟೋ.

ಒಂದೇ ಪರೀಕ್ಷೆ ಬಾಕಿಯಿತ್ತು. ದೇಶದಲ್ಲಿ ಎಲ್ಲಿಯೂ ನಮ್ಮ ಕುಟುಂಬಕ್ಕೆ ಸ್ವಂತ ಮನೆಯಿಲ್ಲ ಎಂದು ನಾವು ಬರೆದುಕೊಟ್ಟದ್ದು ನಿಜವೇ ಎಂದು ವಿಚಾರಿಸಲು ಒಬ್ಬ ಇನ್‌ಸ್ಪೆಕ್ಟರು ಮನೆಗೆ ಬರುವವರಿದ್ದರು. ಬಚ್ಚಿಡುವಂಥದ್ದು ನಮ್ಮಲ್ಲಿ ಏನೂ ಇಲ್ಲ. ಆದರೂ ನನಗೆ ಹೆದರಿಕೆ, ಯಾಕೆಂದರೆ ಅತ್ತೆ ಮನೆಯಲ್ಲೇ ಇರುತ್ತಾರೆ. "ಅತ್ತೆ, ನೀವು ಎಂತದೂ ಮಾತಾಡ್ಬೇಡಿ" ಎಂದು ಮೂರು ದಿನ ಪಾಠ ಮಾಡಿದೆ. ಫೋಟೋವನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ.

ಇನ್‌ಸ್ಪೆಕ್ಟರು ಬಂದರು, ಚಹಾ ಕುಡಿದರು, ಸುತ್ತ ನೋಡಿದರು. "ಹಾಗಾದರೆ ಊರಲ್ಲೂ ನಿಮಗೆ ಮನೆ ಇಲ್ಲ" ಎಂದು ಹಿಂದಿಯಲ್ಲಿ ಹೇಳಿ ಪೆನ್ನು ತೆಗೆದರು. ಬರೆದು ಸಹಿ ಹಾಕಿದ್ದರೆ ಮುಗಿಯುತ್ತಿತ್ತು.

"ಮನೆ ಮಠ ಇಲ್ಲದವರು ಅಂತ ಎಣಿಸಿದ್ದಾ ಇವ ನಮ್ಮನ್ನು?" ಅತ್ತೆ ಎದ್ದೇಬಿಟ್ಟರು. ಅಕ್ಕಿ ಡಬ್ಬಿ ಸರಿಸಿ, ಫೋಟೋ ತಂದು ಅವರ ತೊಡೆಯ ಮೇಲಿಟ್ಟರು. "ದೇಖೋ! ಸೋಲಾ ಖಂಬಾ!"

ಹದಿನಾರು ಕಂಬದ ಮನೆಯನ್ನು ನೋಡಿ ಇನ್‌ಸ್ಪೆಕ್ಟರ ಹುಬ್ಬು ಮೇಲೇರಿತು. ನನ್ನ ಗಂಡ ತಲೆಯ ಮೇಲೆ ಕೈಹೊತ್ತು ಕೂತರು.

"ಯೇ ಘರ್ ಕಿಸ್‌ಕೇ ನಾಮ್ ಪೇ ಹೈ?" ಮನೆ ಯಾರ ಹೆಸರಲ್ಲಿದೆ ಎಂದು ಅವರ ಪ್ರಶ್ನೆ.

"ಜುಮಾದಿ" ಎಂದರು ಅತ್ತೆ.

ಅದೂ ಸತ್ಯವೇ. ಕುಟುಂಬದವರು ಪಾಲಾಗುವಾಗ ಗದ್ದೆ, ತೋಟ ಎಲ್ಲ ಹಂಚಿಕೊಂಡು, ಮನೆಯನ್ನು ಮಾತ್ರ ಕುಟುಂಬದ ದೈವ ಜುಮಾದಿಗೆ ಬಿಟ್ಟಿದ್ದಾರೆ. ಅಲ್ಲಿ ಯಾರಿಗೂ ಪಾಲಿಲ್ಲ, ಯಾರೂ ಸಂಸಾರ ಹೂಡುವುದಿಲ್ಲ. ಒಬ್ಬ ಸೋದರಸಂಬಂಧಿ ದೀಪ ಇಡುತ್ತಾನೆ ಅಷ್ಟೆ. ನಾನು ಇದನ್ನೆಲ್ಲ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರು ನಿಮಗೆ ಏನಾಗಬೇಕು ಎಂದು ಮುಂದಿನ ಪ್ರಶ್ನೆ ಬಿತ್ತು. "ಆಪ್‌ಕೇ ಕೌನ್ ಲಗ್‌ತೇ ಹೈ?"

"ಹಮಾರಾ ಮಾಲಿಕ್. ಹಮ್ ಸಬ್ ಉಸ್‌ಕಾ ಬಚ್ಚಾ." ಒಡೆಯ ಅವನೇ, ನಾವೆಲ್ಲ ಅವನ ಮಕ್ಕಳು ಎಂದು ಅತ್ತೆ.

ಇನ್‌ಸ್ಪೆಕ್ಟರು ಬರೆದುಕೊಂಡರು. "ಮನೆಯಲ್ಲಿ ನಿಮಗೆ ಪಾಲಿಲ್ಲ ಅಂತ ಆ ಜುಮಾದಿಯವರ ಅಫಿಡವಿಟ್ ಬೇಕು. ಸೋಮವಾರ ಅವರನ್ನು ಕರೆದುಕೊಂಡು ಆಫೀಸಿಗೆ ಬನ್ನಿ, ಆಧಾರ್ ಕಾರ್ಡ್ ಮರೆಯಬೇಡಿ" ಎಂದು ಹೇಳಿ ಹೋದರು.

ಆ ನಾಲ್ಕು ದಿನ ನಾನು ಅತ್ತೆಯ ಹತ್ತಿರ ಮಾತು ಬಿಟ್ಟೆ. ಸೋಮವಾರ ಇವರು ದೈವದ ಬದಲು ಊರಿಂದ ತರಿಸಿದ ಪಹಣಿ ಹಿಡಿದುಕೊಂಡು ಹೋದರು. ಅಲ್ಲಿದ್ದ ಹಿರಿಯ ಅಧಿಕಾರಿ ಕೊಂಕಣದವರು. ಮಾಲೀಕರ ಹೆಸರಿನ ಜಾಗದಲ್ಲಿ ಇರುವುದು ದೈವದ ಹೆಸರು ಎಂದು ಇವರು ಓದಿ ಹೇಳಿದ್ದೇ ತಡ, ಕಾಗದವನ್ನು ಕಣ್ಣಿಗೊತ್ತಿಕೊಂಡರಂತೆ. "ನಮ್ಮ ಕಡೆಯೂ ಹೀಗೆಯೇ. ದೇವರಿಗೆ ಮನೆ ಇರುತ್ತದೆ, ನಾವು ಬಾಡಿಗೆಗೆ ಇರುತ್ತೇವೆ. ಪಾಸು ಮಾಡಿ."

ಆದರೆ ಇನ್‌ಸ್ಪೆಕ್ಟರು ಆಗಲೇ ಜುಮಾದಿಯ ಹೆಸರನ್ನು ಕಂಪ್ಯೂಟರಿಗೆ ಏರಿಸಿಯಾಗಿತ್ತು. ಅದನ್ನು ಅಳಿಸಲು ಕಂಪ್ಯೂಟರು ಮರಣಪತ್ರ ಕೇಳುತ್ತದಂತೆ. ದೈವದ ಮರಣಪತ್ರ ಎಲ್ಲಿಂದ ತರುವುದು? ಇರಲಿ ಬಿಡಿ ಎಂದು "ಕುಟುಂಬದ ಇತರ ಸದಸ್ಯರು" ಎಂಬಲ್ಲಿ ಜುಮಾದಿಯನ್ನು ಸೇರಿಸಿ ಕಳಿಸಿಕೊಟ್ಟರು.

ಐದು: ಮೊಳೆ

ಕೀಲಿ ಕೈಗೆ ಬಂದ ದಿನ, ಹಾಲು ಉಕ್ಕಿಸಿ ಆದ ಕೂಡಲೇ ಅತ್ತೆ ಚೀಲದಿಂದ ಸುತ್ತಿಗೆ ತೆಗೆದರು. ಯಾವಾಗ ಕೊಂಡದ್ದೋ, ಇಷ್ಟು ವರ್ಷ ಎಲ್ಲಿ ಇಟ್ಟಿದ್ದರೋ ನನಗೆ ಗೊತ್ತಿಲ್ಲ. "ಮೊದಲ ಪೆಟ್ಟು ನೀನೇ ಹೊಡಿ ಮಗಾ" ಎಂದು ನನ್ನ ಕೈಗೆ ಕೊಟ್ಟರು. ಅತ್ತೆಯ ಮೇಲಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ಹೊಡೆದೆ. ಎರಡು ಪೆಟ್ಟಿಗೆ ಮೊಳೆ ಕಾಲು ಇಂಚು ಒಳಗೆ ಹೋಯಿತು. ಮೂರನೆಯ ಪೆಟ್ಟಿಗೆ ಬೆಲ್ಲು ಬಾರಿಸಿತು.

ಬಿಲ್ಡಿಂಗಿನ ಸೆಕ್ರೆಟರಿ. ವಿಜಯಪುರದ ಕಡೆಯವರು, ಆಯ್ಕೆಯಾಗಿ ಎರಡೇ ವಾರವಾಗಿತ್ತು. ಕೈಯಲ್ಲಿ ರಿಜಿಸ್ಟರು. ನಮ್ಮ ಕನ್ನಡ ಕೇಳಿ ಅವರೂ ಕನ್ನಡದಲ್ಲೇ ಶುರು ಮಾಡಿದರು.

"ಯಾರ್ರೀ ಇದು, ಗ್ವಾಡಿಗೆ ಮೊಳಿ ಹೊಡ್ಯಾಕ ಹತ್ತೀರಿ? ಬಾಡಿಗಿಗೆ ಇದ್ದವ್ರು ಓನರ್ ಪರ್ಮಿಷನ್ ತಗೋಬೇಕ್ರಿ."

"ನಾವೇ ಓನರು" ಎಂದೆ. ಜೀವನದಲ್ಲಿ ಮೊದಲ ಸಲ ಹೇಳಿದ್ದು.

ಅವರು ರಿಜಿಸ್ಟರು ತೆರೆದು ಬೆರಳಿಟ್ಟು ಓದಿದರು. ಇವರ ಹೆಸರು ಓದಿದರು, ನನ್ನ ಹೆಸರು ಓದಿದರು, ಮಗಳದ್ದು, ಅತ್ತೆಯದ್ದು. "ಇನ್ನೊಬ್ರು ಅದಾರಲ್ರೀ, ಜುಮಾದಿಯವ್ರು? ರೂಲ್ ಅಂದ್ರ ರೂಲ್ ರೀ, ಹೆಸರಿದ್ದವ್ರು ಎಲ್ಲಾರೂ ಸಹಿ ಮಾಡ್ಬೇಕು. ಕರೀರಿ ಅವ್ರನ್ನ."

ಇವರು ನನ್ನ ಮುಖ ನೋಡಿದರು, ನಾನು ಮೊಳೆಯ ಮುಖ ನೋಡಿದೆ. ಕಾಲು ಇಂಚು ಹೋಗಿದೆ, ಇನ್ನು ಎರಡು ಇಂಚು ಬಾಕಿ. ಈ ದೇಶದಲ್ಲಿ ನನಗೆ ಒಂದು ಮೊಳೆ ಪೂರ್ತಿ ಹೊಡೆಯುವ ಯೋಗವಿಲ್ಲ ಎಂದು ಸುತ್ತಿಗೆ ಕೆಳಗಿಟ್ಟೆ.

ಅತ್ತೆ ಮುಂದೆ ಬಂದರು. ಈ ಸಲ ನಾನು ತಡೆಯಲಿಲ್ಲ.

"ಕರೆಯುವ, ಅದಕ್ಕೆಂತ" ಎಂದರು ನಿಧಾನಕ್ಕೆ. "ಆದ್ರೆ ಅವರು ಹಾಗೆ ಬೆಲ್ಲು ಹೊಡೆದ್ರೆ ಬರುವವರಲ್ಲ. ಅವರು ನಮ್ಮ ದೈವ. ವಾದ್ಯ ಬೇಕು, ದೀವಟಿಗೆ ಬೇಕು, ಚಪ್ಪರ ಹಾಕ್ಬೇಕು. ಬಿಲ್ಡಿಂಗಿನವರೆಲ್ಲ ಬೆಳಗಿನ ತನಕ ಕೂತಿರ್ಬೇಕು. ಬಂದ ಮೇಲೆ ಅವರು ಸಹಿ ಮಾಡುದಿಲ್ಲ, ನ್ಯಾಯ ಕೇಳುದು. ಮೊದಲಿಗೆ ಕೇಳುದು ಇದನ್ನೇ: 'ನನ್ನ ಮನೆಯಲ್ಲಿ ಮೊಳೆ ಹೊಡಿಬೇಡಿ ಅಂತ ಹೇಳಿದವ ಯಾರು?' ಅಂತ. ಆಗ ನೀವು ಎದುರಿಗೆ ನಿಲ್ಲಿ. ಯಾವತ್ತು ಇಟ್ಟುಕೊಳ್ಳುವ?"

ಸೆಕ್ರೆಟರಿ ರಿಜಿಸ್ಟರು ಮುಚ್ಚಿದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಸುತ್ತಿಗೆ ಎತ್ತಿ ನನ್ನ ಕೈಗೆ ಕೊಟ್ಟು, ಕೆಳಗೆ ಒರಗಿಸಿದ್ದ ಫೋಟೋವನ್ನು ಎರಡೂ ಕೈಯಲ್ಲಿ ಗೋಡೆಗೆ ಹಿಡಿದು ಕೇಳಿದರು:

"ಇನ್ನ ಸ್ವಲ್ಪ ಮ್ಯಾಲ ಹಿಡೀಲೇನ್ರೀ, ಅಜ್ಜಿ?"