ಪ್ಯಾಕೆಟ್ಟಿಗೊಬ್ಬ ಕಾವಲುಗಾರ

ಅಂಗಡಿ ತೆರೆದು ಕೂತವನಿಗೆ ಬೋಣಿ ಆಗದ ದಿನ ಇರಬಹುದು, ನಗು ಬಾರದ ದಿನ ಇಲ್ಲ. ಶೇಂಗಾ ವ್ಯಾಪಾರದಲ್ಲೇ ಕೂದಲು ಬೆಳ್ಳಗಾದ ನಾನು ಕೊಟ್ಟೂರಿನಲ್ಲಿ ಇಂಟರ್‌ನೆಟ್ ಸೆಂಟರ್ ತೆರೆದ ಮೇಲಂತೂ ಅದಕ್ಕೆ ಕೊರತೆಯೇ ಬೀಳಲಿಲ್ಲ.

೧. ಪುಕ್ಕಟೆ ಮಾಲು

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಂಗಡಿಯ ಮಗ್ಗುಲ ಕೋಣೆಯಿಂದ ಶೇಂಗಾ ಚೀಲ ತೆಗೆಸಿ ಕಂಪ್ಯೂಟರ್ ಇಡಿಸಿದೆ. ಜೋಡಿಸಿಕೊಟ್ಟವರು ಹಗರಿಬೊಮ್ಮನಹಳ್ಳಿಯ ಕಂಪ್ಯೂಟರ್ ಮೇಷ್ಟ್ರು. ಒಂದು ಹಳೇ ಯಂತ್ರವನ್ನು ಎಲ್ಲಕ್ಕೂ ಮುಂದೆ ಗೇಟಿನ ಹಾಗೆ ಕೂರಿಸಿ, ಅದಕ್ಕೊಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿದರು. ಇಂಟರ್‌ನೆಟ್ಟಿನಲ್ಲಿ ಹೋಗಿ ಬರುವುದೆಲ್ಲ ಸಣ್ಣ ಸಣ್ಣ ಪ್ಯಾಕೆಟ್ ಆಗಿ ಓಡಾಡುತ್ತದಂತೆ; ಯಾವ ಪ್ಯಾಕೆಟ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಇದು ದಾಖಲೆ ಇಡುತ್ತದಂತೆ. ನನಗೂ ಅದು ಬೇಕಿತ್ತು. ನಾಳೆ ಯಾರೋ ಗಿರಾಕಿ ಕಿತಾಪತಿ ಮಾಡಿ ಹೋದರೆ ಉತ್ತರ ಹೇಳಬೇಕಾದವನು ನಾನು.

"ಪುಕ್ಕಟೆ ಯಾರು ಕೊಡ್ತಾರ್ರಿ ಮೇಷ್ಟ್ರ?"

"ದೇಶದೇಶದವ್ರು ಸೇರಿ ಬರ್ದಿದ್ದು ಸಾಹುಕಾರ್ರ. ಒಳಗಿಂದೆಲ್ಲ ಬಿಚ್ಚಿ ಇಟ್ಟಾರ. ಯಾರು ಬೇಕಾದ್ರೂ ತಿದ್ದಬೌದು."

"ಕೆಟ್ರ ಯಾರ ಕೊರಳಪಟ್ಟಿ ಹಿಡೀಬೇಕು?"

"ನೀವೂ ತಿದ್ದಬೌದು ಅಂದ್ನೆಲ್ರಿ. ನಿಮ್ದ ಹಿಡ್ಕೋರಿ."

೨. ಉಜ್ಜಿನಿಗೆ ಹೋಗಿ ಬಂದವರು

ಕೆಟ್ಟೇ ಕೆಟ್ಟಿತು. ದಾಖಲೆ ಬಂದ್ ಮಾಡಿದರೆ ಲೈನು ಕುದುರೆ, ಹಚ್ಚಿದರೆ ಎಮ್ಮೆ. ಒಬ್ಬ ಗಿರಾಕಿ ರೇಗಿದ: "ಸಾಹುಕಾರ್ರ, ನನ್ನ ಮೇಲ್ ತೆರೆಯೋದ್ರಾಗ ಉಜ್ಜಿನಿ ಮಠಕ್ಕ ಹೋಗಿ ಬರಬೌದು!"

"ಹೋಗಿ ಬರ್ರಿ, ಕುರ್ಚಿ ಹಿಡಿದಿರ್ತೀನಿ" ಅಂದೆ.

ಪುಣ್ಯಾತ್ಮ ಹೋಗೇಬಿಟ್ಟ. ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದು ನೋಡಿದರೆ ಮೇಲ್ ಇನ್ನೂ ಅರ್ಧ ತೆರೆದಿತ್ತು. ನನ್ನ ಕೈಗೆ ಪ್ರಸಾದ ಕೊಟ್ಟು, "ಇದು ನಿಮಗಲ್ರಿ, ಕಂಪ್ಯೂಟರಿಗೆ" ಅಂದ.

"ದಾಖಲೆ ಬಂದ್ ಮಾಡೇ ಬಿಡೋಣ" ಅಂದರು ಮೇಷ್ಟ್ರು.

"ಆಗೋದಿಲ್ಲ. ಕಾವಲಿಲ್ಲದ ಗೋದಾಮು ನಾನು ಇಟ್ಟೋನಲ್ಲ. ಪಿಯುಸಿ ರಿಸಲ್ಟ್ ಬರೋದ್ರೊಳಗ ತಿದ್ರಿ. ಇಲ್ಲಾಂದ್ರ ಕಂಪ್ಯೂಟರ್ ಮಾರಿ ಮತ್ತ ಶೇಂಗಾ ಒಟ್ತೀನಿ."

ರಿಸಲ್ಟಿನ ದಿನ ಊರೇ ಬರುವುದು. ಅವತ್ತು ಲೈನು ನಿಂತರೆ ಸೆಂಟರಿನ ಹೆಸರೂ ನಿಂತಂತೆ.

೩. ಉಪ್ಪಿನ ಉಪಚಾರ

ಯುಪಿಎಸ್ ರಿಪೇರಿ ಮಾಡುವ ಭಾಯ್ ನನ್ನ ಹಳೇ ದೋಸ್ತ. ಬಂದವನೇ ಕಂಪ್ಯೂಟರಿನ ಮುಖವನ್ನೂ ನೋಡದೆ ಹೇಳಿದ: "ಅರ್ಥಿಂಗ್ ಸತ್ತೈತಿ. ಉಪ್ಪು ತರಸ್ರಿ."

ಹಿತ್ತಲಿನ ಅರ್ಥಿಂಗ್ ಗುಂಡಿಗೆ ಚೀಲ ಉಪ್ಪು ಸುರಿದು, ಮೇಲೆ ನೀರು ಹೊಯ್ದ. ಲೈನು ಇದ್ದಲ್ಲೇ ಇತ್ತು. ಪಕ್ಕದ ಮನೆಯವರ ಕರಿಬೇವಿನ ಗಿಡ ಒಣಗಿತು.

"ನೋಡ್ರಿ, ಉಪ್ಪು ಎಲ್ಲೀತನ ಹೋಗೈತಿ!" ಅಂದ ಭಾಯ್, ಹೆಮ್ಮೆಯಿಂದ.

೪. ಪಾಟಿ ಹಿಡಿದ ಕಾವಲುಗಾರ

ಆ ವಾರವೇ ಕೂಡ್ಲಿಗಿ ರಸ್ತೆಯ ಗೋದಾಮಿಗೆ ಹೊಸ ಕಾವಲುಗಾರನನ್ನು ಇಟ್ಟೆ. "ಗೇಟ್ ದಾಟಿದವರ ಹೆಸರನ್ನ ಪಾಟಿ ಮ್ಯಾಲ ಬಳಪದಿಂದ ಬರಿ, ಬರದಕೂಡ್ಲೆ ಅಂಗಡಿಗೆ ತಂದು ತೋರಸು" ಅಂತ ಕಟ್ಟಪ್ಪಣೆ ಮಾಡಿದ್ದೆ.

ಮರುದಿನ ಮೇಷ್ಟ್ರು ನನ್ನ ಪಕ್ಕ ತಲೆ ಹಿಡಿದುಕೊಂಡು ಕೂತಿದ್ದರು. ಕಾವಲುಗಾರ ಪಾಟಿ ತಂದ, ಹಮಾಲನ ಹೆಸರಿತ್ತು. ಸರಿ. ಸ್ವಲ್ಪ ಹೊತ್ತಿಗೆ ಮತ್ತೆ ತಂದ. ಮತ್ತೆ ತಂದ. ಏದುಸಿರು ಬಿಡುತ್ತಿದ್ದ.

"ಯಾರ್ ಬಂದಿದ್ರಲೇ?"

"ಯಾರಿಲ್ರಿ. ನಿಮಗ ಹೇಳಾಕ ನಾನು ಗೇಟ್ ದಾಟಿದ್ನೆಲ್ರಿ, ಅದನ್ನ ಬರದೆ. ಅದನ್ನ ತೋರ್ಸಾಕ ಮತ್ತ ದಾಟಿದೆ, ಅದನ್ನೂ ಬರದೆ."

"ಲಾರಿ ಬಂತೇನು?"

"ಬಂದು ಹೊರಗ ನಿಂತೈತ್ರಿ. ಚಾವಿ ನನ್ನ ಹತ್ರ ಐತಲ್ರಿ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. "ಮೇಷ್ಟ್ರ, ನಿಮ್ಮ ಗೇಟಿನ ಯಂತ್ರ ಬರ್ದದ್ದನ್ನ ಎಲ್ಲಿಗೆ ಒಯ್ತದ?"

"ಹಿಂದಿನ ಕೋಣ್ಯಾಗ ದಾಖಲೆ ಕೂಡಿಡೋ ಕಂಪ್ಯೂಟರ್ ಐತೆಲ್ರಿ, ಅದಕ್ಕ."

"ಯಾವ ದಾರೀಲೆ?"

"ಅದ ವೈರು... ಪ್ಯಾಕೆಟ್ ಮಾಡಿ..." ಅನ್ನುತ್ತಲೇ ಮೇಷ್ಟ್ರು ಎದ್ದು ಗೇಟಿನ ಯಂತ್ರದತ್ತ ಓಡಿದರು. ಯಂತ್ರ ತನ್ನ ದಾಖಲೆಯನ್ನು ಕಳಿಸುವುದನ್ನೂ ದಾಖಲಿಸಿ, ಅದನ್ನೂ ಕಳಿಸಿ, ಅದನ್ನೂ ದಾಖಲಿಸುತ್ತಿತ್ತು. ಗಿರಾಕಿಯ ಮೇಲ್ ಲಾರಿಯ ಹಾಗೆ ಹೊರಗೇ ನಿಂತಿತ್ತು.

ಕಾವಲುಗಾರ ಕೇಳಿದ: "ನಾನಿನ್ನು ಹೋಗ್ಲೇನ್ರಿ? ಹೋದದ್ದನ್ನ ಬರೀಬೇಕು."

೫. ಉಪ್ಪು ಹತ್ತಿತು

ಮೇಷ್ಟ್ರು ಸಾಫ್ಟ್‌ವೇರಿನ ಒಳಗೇ ಕೈ ಹಾಕಿ ತಿದ್ದಿದರು: ಹಿಂದಿನ ಕೋಣೆಯ ಕಂಪ್ಯೂಟರಿಗೆ ಹೋಗುವುದನ್ನೂ ಅಲ್ಲಿಂದ ಬರುವುದನ್ನೂ ಬರೆಯಬೇಡ. ನಾನೂ ಕಾವಲುಗಾರನಿಗೆ ಹೇಳಿದೆ: "ನೀನು ಹೋಗೋದು ಬರೋದು ಬರೀಬ್ಯಾಡ."

ರಿಸಲ್ಟಿನ ದಿನ ಸೆಂಟರಿನ ಮುಂದೆ ಹರಪನಹಳ್ಳಿ, ಹಡಗಲಿಯ ಹುಡುಗರೂ ಸಾಲು ನಿಂತಿದ್ದರು. ದಾಖಲೆ ನಡೆದಿತ್ತು, ಲೈನು ಕುದುರೆಯ ಹಾಗೆ ಓಡುತ್ತಿತ್ತು. ಶೇಂಗಾ ಚೀಲಕ್ಕೆ ಬೇರೆ ಜಾಗ ನೋಡಿದರಾಯಿತು ಅಂದುಕೊಳ್ಳುವಷ್ಟರಲ್ಲಿ, ಸಾಲಿನ ನಡುವೆ ನಮ್ಮ ಕಾವಲುಗಾರ ಕಂಡ.

"ಗೋದಾಮು ಬಿಟ್ಟು ಇಲ್ಲೇನಲೇ?"

"ಮೊಮ್ಮಗಳ ರಿಸಲ್ಟ್ ನೋಡಾಕ ಬಂದೀನ್ರಿ. ನಾನು ಹೊರಗ ಬಂದದ್ದು ಬರೀಬ್ಯಾಡ ಅಂದ್ರಲ್ಲ? ಬರ್ದಿಲ್ಲ. ಪಾಟಿ ಪ್ರಕಾರ ನಾನಿನ್ನೂ ಗೋದಾಮಿನಾಗ ಅದೀನ್ರಿ!"

ಈ ಸಲ ಮೇಷ್ಟ್ರು ನಗಲಿಲ್ಲ. ಅವರ ತಿದ್ದುಪಡಿಯಲ್ಲೂ ಇದೇ ಕಿಂಡಿ ಇತ್ತು: ಹಿಂದಿನ ಕೋಣೆಯಲ್ಲಿ ಕೂತವನು ಏನು ಮಾಡಿದರೂ ದಾಖಲೆಯೇ ಇಲ್ಲ. ದಾಖಲೆಯ ಪ್ಯಾಕೆಟ್ಟನ್ನಷ್ಟೇ ಬಿಟ್ಟು ಉಳಿದದ್ದೆಲ್ಲ ಬರೆಯುವಂತೆ ಆಮೇಲೆ ಸರಿಪಡಿಸಿದರು; ಸಾಫ್ಟ್‌ವೇರ್ ಬರೆದ ಮೂಲದವರಿಗೆ ಕಳಿಸಿದಾಗ ಅವರೂ ಸೇರಿಸಿಕೊಂಡರು ಅನ್ನಿ. ಆದರೆ ಆ ಗಳಿಗೆಯಲ್ಲಿ ಇಬ್ಬರೂ ಹಿಂದಿನ ಕೋಣೆಗೆ ಓಡಿದೆವು.

ನಮ್ಮ ಭಾಯ್ ಫ್ಯಾನಿನ ಕೆಳಗೆ ಕಾಲು ಚಾಚಿ, ಚಹಾ ಹೀರುತ್ತಾ, ಸಿನಿಮಾ ನಟಿಯರ ಫೋಟೋ ಒಂದಾದ ಮೇಲೊಂದು ನೋಡುತ್ತಿದ್ದ. ನಮ್ಮನ್ನು ಕಂಡರೂ ಎದ್ದೇಳಲಿಲ್ಲ.

"ಲೈನು ಭಾರಿ ಓಡಾಕ ಹತ್ತೈತ್ರಿ ಸಾಹುಕಾರ್ರ," ಅಂದ. "ನಾನು ಅವತ್ತ ಹೇಳಿದ್ನೆಲ್ರಿ, ಉಪ್ಪು ಹತ್ತಾಕ ಸ್ವಲ್ಪ ಟೈಮ್ ಬೇಕು!"