ಗುಡ್ಡಪ್ಪನ ಒಂಟಿತನಕ್ಕೆ ಇಪ್ಪತ್ತು ಪ್ರಶ್ನೆ

ಬ್ಯಾಡಗಿಯ ಅಷ್ಟೂ ಹಿರಿಯರೊಳಗೆ ಕಂಪ್ಯೂಟರು ಗುಡ್ಡಪ್ಪನ ಹೆಸರನ್ನೇ ಆರಿಸಿತ್ತು. ಅರವತ್ತು ದಾಟಿದವರನ್ನು ಒಂಟಿತನ ಎಷ್ಟು ಕಾಡುತ್ತದೆ, ಅದರಿಂದ ಆರೋಗ್ಯಕ್ಕೆ ಏನಾಗುತ್ತದೆ ಎಂಬ ಸಂಶೋಧನೆ ಅದು. ರಾಣೆಬೆನ್ನೂರಿನಿಂದ ಮೇಘಾ ಎಂಬ ಹುಡುಗಿ ಕೈಯಲ್ಲಿ ಟ್ಯಾಬು ಹಿಡಿದು ಬೆಳಿಗ್ಗೆ ಒಂಬತ್ತಕ್ಕೇ ಬಂದಳು.

"ಇಪ್ಪತ್ತು ಪ್ರಶ್ನೆ ಅದಾವ್ರಿ ಕಾಕಾ. ಉತ್ತರಾ ನೀವ ಹೇಳಬೇಕು, ಬ್ಯಾರೆ ಯಾರೂ ಕೇಳಿಸ್ಕೋಬಾರ್ದು. ನಡುವ ಯಾರರ ಬಾಯಿ ಹಾಕಿದ್ರ ಮತ್ತ ಒಂದ್ರಿಂದ ಶುರು ಮಾಡಬೇಕು. ಅದು ನೇಮ."

ಗುಡ್ಡಪ್ಪ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ಕುಳಿತ. ಮೂವತ್ತು ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಕಾಯ್ದು ನಿವೃತ್ತನಾದ ಮನುಷ್ಯ. ಅವನ ಉತ್ತರ ಬೇಕೆಂದು ಇದುವರೆಗೆ ಯಾರೂ ಮನೆ ಹುಡುಕಿಕೊಂಡು ಬಂದಿರಲಿಲ್ಲ. ಅವನು ಬಾಯಿ ತೆರೆದರೆ ಮಾತನ್ನು ಹೆಂಡತಿ ನಾಗಲಕ್ಷ್ಮಿ ಮುಗಿಸುತ್ತಿದ್ದಳು. ಅವಳು ಬಿಟ್ಟದ್ದನ್ನು ಗೋಡೆಯಾಚೆಯ ಉಚ್ಚಂಗೆವ್ವ ಮುಗಿಸುತ್ತಿದ್ದಳು.

"ಮೊದಲ್ನೇದು," ಎಂದಳು ಮೇಘಾ. "ನನಗ ಯಾರೂ ಇಲ್ಲ ಅಂತ ನಿಮಗ ಎಷ್ಟು ಸಲ ಅನಸ್ತೈತಿ?"

"ನನಗ..." ಎಂದ ಗುಡ್ಡಪ್ಪ.

"ಇವ್ರಿಗೆ ಯಾಕ ಹಂಗ ಅನಸ್ತೈತಿ, ನಾ ಇಲ್ಲೇನು?" ಒಳಗಿನಿಂದ ರೊಟ್ಟಿ ಬಡಿಯುತ್ತಲೇ ನಾಗಲಕ್ಷ್ಮಿ ಹೇಳಿದಳು.

ಗೋಡೆಯ ಮೇಲೆ ಉಚ್ಚಂಗೆವ್ವನ ಮುಖ ಬೋರಲು ಹಾಕಿದ ಕೊಡದಂತೆ ಮೂಡಿತು. "ಇಲ್ಲ ಅಂತ ಬರಕೋ ತಂಗಿ. ಎರಡನೇದಕ್ಕೂ ಇಲ್ಲಂತ ಬರಕೋ. ಮೊನ್ನೆ ಅಣ್ಣಾರ ಕಾಲಾಗ ಮುಳ್ಳು ಹೊಕ್ಕಾಗ ತಗದಾಕಿ ನಾನ."

ಮೇಘಾ ಎಲ್ಲ ಅಳಿಸಿದಳು. "ಮಾಳಗಿ ಮ್ಯಾಲೆ ಹೋಗೂಣ್ರಿ ಕಾಕಾ."

ಮಾಳಿಗೆಯ ಮೇಲೆ ಬಾಜೂ ಮನೆಯ ಮೈಮುನಾಬಿ ಶಾವಿಗೆ ಒಣಹಾಕುತ್ತಿದ್ದಳು. "ನೀವು ಕೇಳ್ರಿ, ನಾ ಕಿವಿ ಮುಚ್ಕೊಂಡಿರ್ತೇನಿ," ಎಂದು ಸೆರಗು ಎಳೆದುಕೊಂಡಳು. ಮೂರು ಪ್ರಶ್ನೆ ಸಲೀಸಾಗಿ ದಾಟಿದವು. ನಾಲ್ಕನೆಯದು ನಿದ್ದೆಯದು.

"ನಿದ್ದಿ..." ಎಂದ ಗುಡ್ಡಪ್ಪ.

"ಬರದೇನ್ರಿ, ಇವರ ಗೊರಕಿಗೆ ನಮ್ಮ ಆಡು ಬೆಚ್ಚಿ ಏಳ್ತಾವ," ಎಂದಳು ಮೈಮುನಾಬಿ.

ಮತ್ತೆ ಒಂದರಿಂದ. ಗುಡ್ಡಪ್ಪ ಛಲ ಬಿಡಲಿಲ್ಲ. ಮೆಣಸಿನಕಾಯಿ ಪೇಟೆಯ ರಾಶಿಗಳ ಹಿಂದೆ ಯಾರೂ ಇರುವುದಿಲ್ಲವೆಂದು ಮೇಘಾಳನ್ನು ಅಲ್ಲಿಗೆ ಕರೆದೊಯ್ದ. ಒಂಟಿ ಹುಡುಗಿಗೆ ಜೊತೆ ಬೇಕೆಂದು ಉಚ್ಚಂಗೆವ್ವ, ಉಚ್ಚಂಗೆವ್ವನಿಗೆ ಜೊತೆ ಬೇಕೆಂದು ಮೈಮುನಾಬಿ ಇಪ್ಪತ್ತು ಹೆಜ್ಜೆ ಹಿಂದೆ ಬಂದರು.

ಕೆಂಪು ರಾಶಿಯ ಮರೆಯಲ್ಲಿ ಆರು ಪ್ರಶ್ನೆ ಮುಗಿದವು. "ಏಳನೇದು ಕಾಕಾ. ನಿಮ್ಮ ದುಃಖ ಹೇಳ್ಕೊಳ್ಳಾಕ ಯಾರರ ಅದಾರೇನು?" ಆ ಹೊತ್ತಿಗೇ ಯಾರೋ ರಾಶಿ ಕೆದರಿದರು. ಘಾಟು ಮೂಗಿಗೆ ಅಡರಿ ಗುಡ್ಡಪ್ಪ ಎಂಟು ಸಲ ಸೀನಿದ. ಕಣ್ಣಿಂದ ನೀರು ಧಾರಾಕಾರ ಸುರಿಯಿತು. ಅದನ್ನು ನೋಡಿದ ಹಮಾಲರು ಚೀಲ ಇಳಿಸಿ ಸುತ್ತುವರಿದರು.

"ಗುಡ್ಡಪ್ಪಣ್ಣ ಅಳಾಕತ್ಯಾನ. ಮೇಡಮ್ಮಾರು ಏನೋ ದೊಡ್ಡ ಬ್ಯಾನಿ ಐತಿ ಅಂದ್ರಂತ," ಎಂದ ಒಬ್ಬ.

ಸುದ್ದಿ ಗೇಟು ಮುಟ್ಟುವಷ್ಟರಲ್ಲಿ ಬೇನೆಗೆ ಆಪರೇಶನ್ನೂ ನಿಕ್ಕಿಯಾಗಿತ್ತು. ನಾಗಲಕ್ಷ್ಮಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಸೀನು ಬಂದಿತ್ತಷ್ಟ," ಎನ್ನಲು ಗುಡ್ಡಪ್ಪನಿಗೆ ಯಾರೂ ಜಾಗ ಕೊಡಲಿಲ್ಲ.

ಗದ್ದಲದಲ್ಲೇ ಅವನು ಮೇಘಾಳಿಗೆ ಕಣ್ಸನ್ನೆ ಮಾಡಿ ತನ್ನ ಹಳೆಯ ಕೋಲ್ಡ್ ಸ್ಟೋರೇಜಿಗೆ ನುಗ್ಗಿದ. ಕಾವಲುಗಾರ ಕಲ್ಲೇಶ ಹಳೇ ಗೆಳೆಯ. ಬಾಗಿಲನ್ನು ಅರ್ಧ ತೆರೆದು, ಕಿವಿಗೆ ಮಫ್ಲರ್ ಬಿಗಿದು, ಬೆನ್ನು ತಿರುಗಿಸಿ ಹೊರಗೆ ಅಡ್ಡ ನಿಂತ. "ಹತ್ತು ಮಿನಿಟು ನೊಣಾನೂ ಒಳಗ ಬಿಡಂಗಿಲ್ಲ, ಲಗೂ ಮುಗಸ್ರಿ."

ಆ ಕೊರೆಯುವ ಚಳಿಯಲ್ಲಿ, ಚೀಲಗಳ ಗೋಡೆಯ ನಡುವೆ, ಹಲ್ಲು ಕಟಕಟಿಸುತ್ತ ಗುಡ್ಡಪ್ಪ ಮೊದಲ ಬಾರಿಗೆ ಪೂರ್ತಿ ಮಾತಾಡಿದ.

"ಸುತ್ತಮುತ್ತ ಮಂದಿ ರಗಡ ಅದಾರ ಯವ್ವಾ. ಆದ್ರ ನಾ ಹೇಳೂದನ್ನ ಕಡೀತನಕ ಕೇಳೋರು ಒಬ್ರೂ ಇಲ್ಲ. ಮುಂಜಾನೆ ಶುರು ಮಾಡಿದ ಮಾತು ಸಂಜಿ ಆದ್ರೂ ಬಾಯಾಗ ಇರ್ತೈತಿ. ಅದನ್ನ ಇಟ್ಕೊಂಡ ಮಲಗ್ತೇನಿ."

ಮೇಘಾ ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡಳು. ಇಪ್ಪತ್ತೂ ಮುಗಿದ ಮೇಲೆ ಟ್ಯಾಬಿನಲ್ಲಿ ಒಂಟಿತನದ ಅಂಕ ತೋರಿಸುವ ಕೆಂಪು ಗೆರೆ ತುದಿ ಮುಟ್ಟಿತು.

"ಕಾಕಾ, ಇಲ್ಲೀತನಕ ಕೇಳಿದವರೊಳಗ ನಿಮ್ಮದ ಹೆಚ್ಚಿನ ಅಂಕ. ಇಂಥವರಿಗೆ ಸಂಗಾತಿ ಕೊಡೋ ಯೋಜನಾ ಐತ್ರಿ. ದಿನಾ ಎರಡು ತಾಸು, ಆರು ತಿಂಗಳು. ತರಬೇತಿ ಆದವ್ರು. ನೀವು ಮಾತಾಡಬೇಕು, ಅವರು ಕೇಳಬೇಕು. ಅವರು ಬಾಯಿ ಪಿಟಕ್ ಅನ್ನಂಗಿಲ್ಲ. ಇವತ್ತ ಸಂಜಿಗೇ ಕಳಸ್ತೇನಿ."

ಗುಡ್ಡಪ್ಪ ನಿಂತ ನೆಲ ಬಿಟ್ಟು ಗೇಣು ಮೇಲೆ ನಡೆಯುತ್ತ ಮನೆಗೆ ಬಂದ. ಬರುವವರು ಹಾವೇರಿ ಕಡೆಯ ಯಾರೋ ನಿವೃತ್ತ ಮಾಸ್ತರರಿರಬೇಕು, ಮೆತ್ತಗಿನವರು ಎಂದುಕೊಂಡ. ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟ. ಅಂಗಳದಲ್ಲಿ ಎರಡು ಕುರ್ಚಿ ಹಾಕಿ, ಐದು ಗಂಟೆಯೊಳಗೆ ಮೂರು ಸಲ ಓಣಿಗೆ ಇಣುಕಿದ.

ಗೇಟು ಸದ್ದಾಯಿತು. ಹೊಸ ಇಳಕಲ್ ಸೀರೆಯುಟ್ಟು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಉಚ್ಚಂಗೆವ್ವ ಬಂದು ಕುರ್ಚಿಯ ಮೇಲೆ ಕುಳಿತಳು. ಹಿಂದೆ ಮೇಘಾ ಕುಗ್ಗಿಹೋಗಿ ನಿಂತಿದ್ದಳು. "ಈ ಓಣಿಗೆ ಯಾರಂತ ಟ್ಯಾಬಿನ್ಯಾಗ ಈಗ ಬಂತ್ರಿ ಕಾಕಾ."

"ಹೋದ ತಿಂಗಳು ಮೂರು ದಿನ ಹಾವೇರಿಗೆ ಹೋಗಿದ್ದು ಇದಕ್ಕರಿ ಅಣ್ಣಾರ," ಎಂದಳು ಉಚ್ಚಂಗೆವ್ವ. "ನಮ್ಮ ತಂಡದಾಗ ಪಾಸಾದಾಕಿ ನಾ ಒಬ್ಬಾಕಿ." ಗಡಿಯಾರ ನೋಡಿಕೊಂಡಳು. ತುಟಿ ಹೊಲಿದಂತೆ ಮುಚ್ಚಿದಳು.

ಗುಡ್ಡಪ್ಪ ಕಾದ. ಅವಳು ಮಾತಾಡಲಿಲ್ಲ. ಮೇಘಾ ನೇಮ ಹೇಳಿದ್ದಳೇನೋ, ಹೊಸಿಲ ಮೇಲೆ ನಾಗಲಕ್ಷ್ಮಿ, ಮಾಳಿಗೆಯ ಮೇಲೆ ಮೈಮುನಾಬಿ, ಎಲ್ಲರೂ ಮೂಕರಾಗಿ ಅವನ ಬಾಯನ್ನೇ ನೋಡುತ್ತಿದ್ದರು.

ಖುಷಿಯಿಂದ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಚಹಾಕ್ಕೆ ಸಕ್ಕರೆ ಹೆಚ್ಚಾಗುತ್ತದೆ ಎಂದ. ಬಲಗಾಲಿನ ಚಪ್ಪಲಿ ಕಚ್ಚುತ್ತದೆ ಎಂದ. ಕದರಮಂಡಲಗಿ ಆಂಜನೇಯನಿಗೆ ಒಮ್ಮೆ ನಡೆದೇ ಹೋಗಬೇಕೆಂದು ಮದುವೆಯಾದಾಗಿನಿಂದ ಅಂದುಕೊಂಡಿದ್ದೇನೆ ಎಂದ. ಒಂದೊಂದು ಮಾತೂ ಕೊನೆ ಮುಟ್ಟಿತು. ಮೂವತ್ತು ವರ್ಷ ಬಾಯಲ್ಲೇ ಉಳಿದದ್ದನ್ನೆಲ್ಲ ಹೇಳಿ ಗಡಿಯಾರ ನೋಡಿದ. ಹನ್ನೊಂದು ನಿಮಿಷವಾಗಿತ್ತು.

ತಲೆಯೊಳಗೆಲ್ಲ ತಡಕಾಡಿದ. ಒಂದು ಮಾತೂ ಸಿಗಲಿಲ್ಲ. ಎಲ್ಲರೂ ಇನ್ನಷ್ಟು ಮುಂದಕ್ಕೆ ಬಾಗಿದರು.

"ಉಚ್ಚಂಗೆವ್ವಾ," ಎಂದ ಗುಡ್ಡಪ್ಪ ಕೈ ಮುಗಿದು, "ಕಾಲು ಬೀಳ್ತೇನಿ, ನೀವ ಏನರ ಮಾತಾಡ್ರಿ."

ಉಚ್ಚಂಗೆವ್ವ ತುಟಿಯ ಮೇಲೆ ಬೆರಳಿಟ್ಟು ಗಡಿಯಾರ ತೋರಿಸಿದಳು. ಇನ್ನೂ ಒಂದು ತಾಸು ನಲವತ್ತೊಂಬತ್ತು ನಿಮಿಷ ಬಾಕಿ ಇತ್ತು.