ಎರಡು ಊರಿನ ಬನ್ನಿ

ಕದಿರಯ್ಯನ ಮನೆತನ ಒಡೆದದ್ದು ಒಂದು ಹಿಡಿ ಸೊಪ್ಪಿನಿಂದ. ಮೂರು ವರ್ಷದ ಹಿಂದೆ ವಿಜಯದಶಮಿಯ ಸಂಜೆ, ಹೆಂಡತಿ ರಾಧಾಮಣಿಯ ತವರು ನಾಗಲಮಡಿಕೆಯಿಂದ ತಂದ ಬನ್ನಿ ಎಲೆಯನ್ನು ಅಣ್ಣ ಸಣ್ಣರಂಗಯ್ಯನ ಕೈಗಿಟ್ಟು ಕಾಲಿಗೆ ಬಿದ್ದಿದ್ದ.

"ಇದು ಬನ್ನಿಯೇನ್ಲಾ? ಹಬ್ಬದ ದಿನ ನಂಗೆ ಜಾಲಿ ಕೊಡ್ತೀಯಾ?" ಎಂದು ಅಣ್ಣ ಎಲೆ ಎಸೆದ. ಅಣ್ಣತಮ್ಮಂದಿರ ಊರಾದ ಐ.ಡಿ.ಹಳ್ಳಿಯವರು ಬನ್ನಿ ಅನ್ನುವ ಮರವೇ ಬೇರೆ, ನಾಗಲಮಡಿಕೆಯವರದೇ ಬೇರೆ. ಅಂದಿನಿಂದ ಎದುರುಬದುರು ಮನೆಯಲ್ಲಿದ್ದೂ ಇಬ್ಬರಿಗೂ ಮಾತಿಲ್ಲ.

ಈ ಸಲದ ಹಬ್ಬಕ್ಕೆ ತಾನೇ ಸೋತುಬಿಡೋಣ ಎಂದು ಕದಿರಯ್ಯ ನಿರ್ಧರಿಸಿದ. ಬೆಳಗಿನಿಂದಲೇ ಹಗಲುಗನಸು. ಎಳೆಬಿಸಿಲು ಹಾಲಿನಂತೆ ಬೀದಿಯಲ್ಲಿ ಹರಿಯುತ್ತಿತ್ತು. ಅದರೊಳಗಿಂದ ಅಣ್ಣ "ಬಾರ್ಲಾ ಕದಿರ" ಎಂದು ಕರೆದಂತಾಗುತ್ತಿತ್ತು. ಆ ಗುಂಗಿನಲ್ಲೇ ಕೆರೆ ಏರಿಗೆ ಹೋಗಿ, ಅಣ್ಣ ಒಪ್ಪುವ ಬನ್ನಿ ಮರ ಹತ್ತಿದ. ಹೊಸ ಪಂಚೆ ಮುಳ್ಳಿಗೆ ಸಿಕ್ಕಿ ಪರ್ರೆಂದು ಹರಿಯಿತು.

ಕೆಳಗೆ ಆಡು ಮೇಯಿಸುತ್ತಿದ್ದ ಪಟಾಲಮ್ಮ ಕೂಗಿದಳು: "ಲೇ, ಅದು ಬನ್ನಿ ಅಲ್ಲ ಕಣ್ಲಾ! ನಮ್ಮವ್ವನ ಊರಲ್ಲಿ ಬನ್ನಿ ಅಂದ್ರೆ ಇನ್ನೊಂದು ಮರ!"

"ಅಲ್ಲಿಗೆ ಮುಂದಿನ ವರ್ಷ ಹೋಗ್ತೀನಿ ಕಣಕ್ಕ, ಈಗ ಇಳಿಯಾಕೆ ಬುಡು!"

ಗದ್ದಲ ಕೇಳಿ ನಿವೃತ್ತ ಮೇಷ್ಟ್ರು ನಂದೀಶ್ವರಯ್ಯ ಬಂದರು. "ಯಾಕ್ರಯ್ಯ ಜಗಳ? ಮರ ಮೂರಾದ್ರೂ ಹೆಸರು ಒಂದೇ. ಎಲ್ಲಾನೂ ಬನ್ನಿನೇ."

"ಇದನ್ನ ಮೂರು ವರ್ಷದ ಹಿಂದೆ ಹೇಳಬಾರದಿತ್ತಾ ಮೇಷ್ಟ್ರೇ?"

"ಯಾರೂ ಕೇಳಲಿಲ್ಲವಲ್ಲಯ್ಯ."

ಸಂಜೆ ಕದಿರಯ್ಯ ಎಲೆ ಹಿಡಿದು ಬೀದಿಗಿಳಿದ. ಎದುರಿನಿಂದ ಅಣ್ಣನೂ ಇಳಿದ. ನಡುಬೀದಿಯಲ್ಲಿ ಇಬ್ಬರೂ ನಿಂತರು. ಅಣ್ಣನ ಕೈಯಲ್ಲಿ ನಾಗಲಮಡಿಕೆಯ ಬನ್ನಿ!

"ಬೆಳಿಗ್ಗೆನೇ ಬಸ್ ಹತ್ತಿ ಹೋಗಿ ತಂದೆ ಕಣ್ಲಾ. ನಂದೇ ತಪ್ಪು."

ತಮ್ಮ ಕಾಲಿಗೆ ಬಿದ್ದ, ಅಣ್ಣ ಎತ್ತಿ ಅಪ್ಪಿಕೊಂಡ. ಇಬ್ಬರೂ ಗಳಗಳ ಅತ್ತರು. ಮೂರು ವರ್ಷ ಕಾದಿದ್ದ ಅಳು ಅದು.

ಹೊಸಿಲಲ್ಲಿ ನಿಂತಿದ್ದ ರಾಧಾಮಣಿ ಬಾವನ ಕೈಯ ತವರಿನ ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ಒಳಕ್ಕೆ ನಡಿ ಬಾವ, ಊಟ ಮಾಡು" ಎಂದು ಕಳಿಸಿದಳು. ಹಿಂದೆಯೇ ಹೊರಟ ಗಂಡನ ಕೈಯಲ್ಲಿದ್ದ ಕೆರೆ ಏರಿಯ ಎಲೆ ನೋಡಿದಳು.

"ನಿಮ್ಮಣ್ಣಂಗೇ ನಮ್ಮೂರ ಮರ ಬನ್ನಿ ಆಯ್ತು. ನಿಂಗೆ ಈಗ ಜಾಲಿ ಆಯ್ತೇನಯ್ಯಾ?"

ಬಾಗಿಲು ಧಡಾರನೆ ಮುಚ್ಚಿತು. ಹರಿದ ಪಂಚೆಯಲ್ಲಿ ನಿಂತ ಕದಿರಯ್ಯನಿಗೆ ಒಳಗಿನಿಂದ ಅಣ್ಣನ ದನಿ ಕೇಳಿತು: "ಹೋಳಿಗೆ ಬಲು ಚೆಂದಾಗೈತೆ ಕಣಮ್ಮ, ಅವನ ಪಾಲಿಂದೂ ಹಾಕ್ಬುಡು."